ಗರಗಸದ ಎರಡು ತುದಿ

ಎಲ್ಲರೂ ಮರದ ಕಾಂಡ ನೋಡುತ್ತಿದ್ದರೆ ಅವನೊಬ್ಬ ಮಾತ್ರ ತಲೆ ಎತ್ತಿ ಚಿಗುರು ನೋಡುತ್ತಿದ್ದ.

ಅವಳಿಗೆ ಅದು ಹಿಡಿಸಲಿಲ್ಲ. ತೋಟಕ್ಕೆ ಬಂದವರಿಗೆ ಮೊದಲು ಬೆರಗು ಹುಟ್ಟಿಸುವುದೇ ಕೋಕೋ ಕಾಯಿ ಬಿಡುವ ರೀತಿ. ಕೊಂಬೆಯ ತುದಿಯಲ್ಲಿ ತೂಗದೆ ನೇರ ಕಾಂಡಕ್ಕೇ ಕಚ್ಚಿಕೊಂಡ ಹಳದಿ, ಕೆಂಪು ಕಾಯಿಗಳು. ಯಾರೋ ಬೇಕೆಂದೇ ಅಂಟಿಸಿ ಹೋದ ಹಾಗೆ. ನಿಜವೇ ಎಂದು ಮುಟ್ಟಿ ನೋಡದವರಿಲ್ಲ.

ಆ ತೋಟದಲ್ಲಿ ಬೆಳೆ ನೋಡಿಕೊಳ್ಳುವವರು ಅಪ್ಪ, ಚಾಕ್ಲೇಟ್ ಮಾಡುವವಳು ಅತ್ತಿಗೆ, ಬಂದವರಿಗೆ ತೋಟ ತೋರಿಸಿ ರುಚಿ ನೋಡುವುದನ್ನು ಹೇಳಿಕೊಡುವವಳು ಇವಳು. ಮನೆಯವರು ಇವಳಿಗೆ ಇಟ್ಟ ಹೆಸರು ಮಾತಿನಮಲ್ಲಿ.

"ಸಾರ್, ನೀವು ಎಲೆ ತಿನ್ನೋಕೆ ಬಂದ್ರಾ, ಚಾಕ್ಲೇಟ್ ತಿನ್ನೋಕಾ?"

ಗುಂಪು ಘೊಳ್ಳೆಂದಿತು. ಅವನು ತಡವಾಗಿ ನಕ್ಕ. ಆ ನಗು ತುಟಿಗಿಂತ ಮೊದಲು ಕಣ್ಣಿಗೆ ಬಂತು.

"ಎರಡಕ್ಕೂ" ಎಂದ.

ಅವಳು ಒಂದು ಕಾಯಿ ಕೊಯ್ದು ಒಡೆದಳು. ಒಳಗೆ ಬೆಳ್ಳನೆಯ ತಿರುಳು ಹೊದ್ದ ಬೀಜಗಳು ಒತ್ತೊತ್ತಾಗಿ ಕುಳಿತಿದ್ದವು. "ತಿರುಳು ಚೀಪಿ, ಸಿಹಿ ಇರುತ್ತೆ. ಬೀಜ ಮಾತ್ರ ಕಚ್ಚಬೇಡಿ."

ಅವನು ಕಚ್ಚಿದ. ಮುಖ ಕಿವುಚಿಕೊಂಡ.

"ಹೇಳಿದ್ನಲ್ರೀ!"

"ಕೇಳಿಸ್ತು. ಎಷ್ಟು ಕಹಿ ಅಂತ ನೋಡ್ಬೇಕಿತ್ತು."

ಬೀಜ ಹುದುಗಲು ಬಿಟ್ಟ ಮರದ ಪೆಟ್ಟಿಗೆಗಳ ಹತ್ತಿರ, ಮೇಲೆ ಮುಚ್ಚಿದ್ದ ಬಾಳೆ ಎಲೆ ಸರಿಸಿ ಅವಳು ಎಲ್ಲರಿಗೂ ಕೈ ಇಟ್ಟು ನೋಡಲು ಹೇಳಿದಳು. ಒಳಗೆ ಬೀಜಗಳು ಬಿಸಿಯಾಗಿದ್ದವು. ಕೆಲವರು "ಅಬ್ಬಾ" ಎಂದು ಕೈ ಹಿಂದೆಗೆದರು, ಕೆಲವರು ಹುಳಿ ವಾಸನೆಗೆ ಮೂಗು ಮುಚ್ಚಿದರು. ಅವನು ಮಾತ್ರ ಕೈ ಅಲ್ಲೇ ಇಟ್ಟುಕೊಂಡು, "ಜ್ವರ ಬಂದ ಮಗುವಿನ ಹಣೆ ಇದ್ದ ಹಾಗಿದೆ" ಎಂದ. ಇಷ್ಟು ವರ್ಷಗಳಲ್ಲಿ ಯಾರ ಬಾಯಲ್ಲೂ ಅವಳು ಕೇಳದ ಮಾತು ಅದು.

ಕೊನೆಗೆ ರುಚಿಯ ಕೋಣೆ. ಉದ್ದನೆಯ ಮೇಜು, ಬಿಳಿ ತಟ್ಟೆಗಳು, ಪಕ್ಕದಲ್ಲೇ ಅತ್ತಿಗೆ ಕರಗಿದ ಚಾಕ್ಲೇಟನ್ನು ಕಲ್ಲಿನ ಮೇಲೆ ಹರಡಿ ಬಾಚುತ್ತಿದ್ದ ಸದ್ದು.

"ಇದು ನಮ್ಮ ಹಳೆ ಇಳಿಜಾರಿನದ್ದು. ಕಣ್ಣು ಮುಚ್ಚಿ, ಕಚ್ಚಬೇಡಿ. ನಾಲಿಗೆ ಮೇಲಿಟ್ಟು ಸುಮ್ಮನಿರಿ, ಅದೇ ಮಾತಾಡುತ್ತೆ."

ಎಲ್ಲರೂ ಕಣ್ಣು ಮುಚ್ಚಿದ ಆ ಹೊತ್ತು ಅವಳಿಗೆ ಮನಸಾರೆ ನೋಡಲು ಸಿಗುವ ಹೊತ್ತು. ಅವತ್ತು ಅವಳು ನೋಡಿದ್ದು ಒಂದೇ ಮುಖ. ರೆಪ್ಪೆ ಸಣ್ಣಗೆ ಅದುರಿತು, ಹುಬ್ಬಿನ ನಡುವಿನ ಗೆರೆ ಸಡಿಲವಾಯಿತು. ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

"ಈ ಮರಗಳನ್ನ ಯಾರು ನೆಟ್ಟಿದ್ದು?"

"ನಮ್ಮಮ್ಮ. ನಾನು ಹೊಟ್ಟೆಯಲ್ಲಿದ್ದಾಗ. ಈಗ ಅಮ್ಮ ಇಲ್ಲ, ಮರಗಳಿವೆ."

ಅವನು ತಲೆ ತಗ್ಗಿಸಿದ. ತನ್ನ ಅಮ್ಮನ ಮರಗಳ ರುಚಿಗೆ ಒಬ್ಬ ಗಂಡಸು ಕಣ್ಣೀರು ತಂದುಕೊಂಡನಲ್ಲ ಎಂದು ಅವಳ ಎದೆ ತುಂಬಿತು.

ಮುಂದಿನ ಭಾನುವಾರವೂ ಅವನು ಬಂದ. ಅದರ ಮುಂದಿನದಕ್ಕೂ. ಅತ್ತಿಗೆ ಕೈ ಕೆಲಸ ನಿಲ್ಲಿಸದೆಯೇ ಹೇಳಿದಳು: "ಚಾಕ್ಲೇಟಿಗೋಸ್ಕರ ಇಷ್ಟು ದೂರ ಬರೋರ ಹಲ್ಲು ಅಷ್ಟು ಬೆಳ್ಳಗಿರಲ್ಲ ಕಣೇ. ಬೇರೇನೋ ಇದೆ."

"ಸುಮ್ನಿರಿ ಅತ್ತಿಗೆ."

"ನಾನೇನೋ ಸುಮ್ನಿರ್ತೀನಿ. ನಿನ್ನ ಮುಖ ಸುಮ್ನಿರಬೇಕಲ್ಲ."

ಅವಳಿಗೆ ವಯಸ್ಸು ಮೂವತ್ತು ದಾಟಿತ್ತು. ಹಿಂದೊಮ್ಮೆ ಗೊತ್ತಾಗಿದ್ದ ಸಂಬಂಧ, ತಾನು ತೋಟ ಬಿಟ್ಟು ಬರುವುದಿಲ್ಲ ಎಂದಿದ್ದಕ್ಕೆ ಮುರಿದುಬಿದ್ದಿತ್ತು. ಆಮೇಲೆ ಆ ಮಾತನ್ನು ಯಾರೂ ಎತ್ತಿರಲಿಲ್ಲ, ಅವಳೂ ಎತ್ತಗೊಟ್ಟಿರಲಿಲ್ಲ. ಈಗ ಭಾನುವಾರ ಬಂದರೆ ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದಳು.

ಮೂರನೆಯ ಸಲ ಗುಂಪು ಹೊರಟ ಮೇಲೂ ಅವನು ಉಳಿದುಕೊಂಡ. ಇಬ್ಬರೂ ಹಳೆ ಇಳಿಜಾರು ಹತ್ತಿದರು. ಅವಳು ಕಾಂಡದ ಮೇಲಿನ ಹೂವೊಂದನ್ನು ತೋರಿಸಿದಳು. ಕಿರುಬೆರಳಿನ ಉಗುರಿನಷ್ಟು ಚಿಕ್ಕದು, ಬೆಳ್ಳಗೆ.

"ಮರದ ತುಂಬ ಹೂ ಬಿಡುತ್ತೆ. ಕಾಯಿ ಆಗೋದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಸುಮ್ಮನೆ ಉದುರಿಹೋಗುತ್ತೆ."

"ನಿಮಗೆ ಬೇಜಾರಾಗಲ್ವಾ?"

"ಉದುರಿದ್ದಕ್ಕೆ ಅಳ್ತಾ ಕೂತ್ರೆ ಇಲ್ಲಿ ಬದುಕೋಕಾಗಲ್ಲ." ಅವಳು ನಕ್ಕಳು. ಅವನು ನಗಲಿಲ್ಲ. ಅವಳ ಮುಖವನ್ನೇ ನೋಡಿದ, ಆಮೇಲೆ ನೆಲ ನೋಡಿದ.

"ನಿಮಗೆ ಒಂದು ವಿಷಯ ಹೇಳ್ಬೇಕು."

ಅವಳ ಕಿವಿಯ ಹಿಂದೆ ಬೆಚ್ಚಗಾಯಿತು. ಅಷ್ಟರಲ್ಲಿ ಕೆಳಗಿನಿಂದ ಅಪ್ಪನ ಧ್ವನಿ ಕೇಳಿಸಿತು. "ಡಾಕ್ಟ್ರೇ, ಸ್ವಲ್ಪ ಬರ್ತೀರಾ? ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ."

ಡಾಕ್ಟರ್? ಅವಳ ಜೀವ ಬಾಯಿಗೆ ಬಂತು. ಅವನಿಗಿಂತ ಮೊದಲೇ ಇಳಿದು ಅಪ್ಪನ ತೋಳು ಹಿಡಿದುಕೊಂಡಳು. "ಅಪ್ಪಾ, ಏನಾಗಿದೆ ನಿಮಗೆ?"

"ನನಗಲ್ಲ ಮರಿ. ಮರಗಳಿಗೆ."

ಜಗಲಿಯ ಮೇಲೆ ಕೂರಿಸಿ ಅಪ್ಪ ಎಲ್ಲ ಹೇಳಿದರು. ಹಳೆ ಇಳಿಜಾರಿನ ಟೊಂಗೆಗಳು ಅಲ್ಲಲ್ಲಿ ಗಂಟುಗಂಟಾಗಿ ಊದಿಕೊಂಡದ್ದನ್ನು ಕಂಡು ಅವರೇ ಗಿಡಗಳ ರೋಗ ನೋಡುವ ಈ ಡಾಕ್ಟರನ್ನು ಕರೆಸಿದ್ದರು. ಖಚಿತವಾಗುವ ತನಕ ಮಗಳಿಗೆ ತಿಳಿಯುವುದು ಬೇಡ, ಪ್ರವಾಸಿಗರ ಜೊತೆ ಬಂದು ನೋಡಿ ಹೋಗಿ ಎಂದವರೂ ಅವರೇ. ಖಚಿತವಾಗಿತ್ತು. ಅದು ವೈರಸ್. ಔಷಧಿ ಇಲ್ಲ. ಹಿಟ್ಟು ಮೆತ್ತಿದ ಹಾಗೆ ಬೆಳ್ಳಗೆ ಕಾಣುವ ಹಿಟ್ಟುತಿಗಣೆ ಎಂಬ ಸಣ್ಣ ಹುಳು ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ಹಳೆ ಇಳಿಜಾರನ್ನು ಪೂರ್ತಿ ಕಡಿಯದಿದ್ದರೆ ಉಳಿದ ತೋಟವೂ ಹೋಗುತ್ತದೆ, ಆಚೆಯವರ ತೋಟಗಳೂ ಹೋಗುತ್ತವೆ.

ಹಿಡಿದಿದ್ದ ಅಪ್ಪನ ತೋಳನ್ನು ಅವಳು ಬಿಟ್ಟಳು. ಆಮೇಲೆ ಅವನ ಕಡೆ ತಿರುಗಿದಳು.

"ಅವತ್ತು ಕಣ್ಣಲ್ಲಿ ನೀರು ಬಂತಲ್ಲ, ಅದು ರುಚಿಗಲ್ಲ."

"ರುಚಿಗೂ ಹೌದು. ಚಿಗುರಿನ ನರ ಕೆಂಪಗಾಗಿದ್ದನ್ನ ಆಗಲೇ ನೋಡಿದ್ದೆ. ಇಷ್ಟು ಒಳ್ಳೇದು ಇನ್ನು ಸಿಗಲ್ಲ ಅನ್ನಿಸ್ತು."

"ಒಂದೇ ಒಂದು ಮರ ಬಿಟ್ಬಿಡಿ. ಅಮ್ಮ ಮೊದಲು ನೆಟ್ಟಿದ್ದು, ಮೇಲ್ಗಡೆ ಇದೆ. ಅದರಲ್ಲಿ ಇನ್ನೂ ಗಂಟು ಕಾಣಿಸಿಲ್ಲ."

ಅವನು ಇಳಿಜಾರಿನ ಮೇಲ್ಗಡೆ ನೋಡಿದ. ಈ ಒಂದು ಮಾತಿಗೆ ಹೂಂ ಅಂದುಬಿಟ್ಟರೆ ಅವಳು ಜೀವವಿರುವ ತನಕ ಅವನನ್ನು ಮರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ಅವಳಿಗೂ ಕಂಡಿತು.

"ಆಗಲ್ಲ" ಎಂದ. "ಕಾಣಿಸದೆ ಇದ್ರೂ ಒಳಗಿರುತ್ತೆ. ಬಿಟ್ರೆ ನಿಮಗೇ ಮೋಸ ಮಾಡಿದ ಹಾಗೆ."

"ಹಾಗಾದ್ರೆ ನನ್ನ ಕಣ್ಣಿಗೆ ಬೀಳ್ಬೇಡಿ."

ಕಡಿಯುವ ದಿನ ಆಳುಗಳು ಬೆಳಿಗ್ಗೆಯೇ ಬಂದರು. ಮೆಷಿನ್ ಗರಗಸದ ಸದ್ದಿಗೆ ಮನೆಯ ಕಿಟಕಿಗಳು ನಡುಗಿದವು. ಅವಳು ಅಡುಗೆಮನೆಯಲ್ಲಿ ಅತ್ತಿಗೆಯ ಪಕ್ಕ ಕುಳಿತು, ಸಿಪ್ಪೆ ತೆಗೆಯಲು ಹುರಿದ ಬೀಜ ಇಟ್ಟುಕೊಂಡು, ಒಂದನ್ನೂ ಸುಲಿಯದೆ ಇದ್ದಳು.

"ಬಂದಿದಾರೆ" ಎಂದಳು ಅತ್ತಿಗೆ ಕಿಟಕಿಯಿಂದ. "ನೋಡಿ ಹೇಳಿ ಹೋಗೋದಷ್ಟೇ ಅವರ ಕೆಲಸ. ಆದ್ರೂ ಅಂಗಿ ಕಳಚಿಟ್ಟು, ಬನಿಯನ್ನಲ್ಲೇ ಟೊಂಗೆ ಎಳೀತಿದಾರೆ."

ಅವಳು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೆಷಿನ್ನಿನ ಸದ್ದು ಇಳಿಜಾರಿನ ಮೇಲ್ಗಡೆಗೆ ಏರಿತು. ಆಗ ಎದ್ದಳು. ಶೆಡ್ಡಿನಲ್ಲಿ ನೇತು ಹಾಕಿದ್ದ, ಇಬ್ಬರು ಹಿಡಿದು ಎಳೆಯುವ ಉದ್ದನೆಯ ಗರಗಸ ತೆಗೆದುಕೊಂಡು ಹತ್ತಿದಳು.

ಅಮ್ಮನ ಮೊದಲ ಮರವೊಂದೇ ಉಳಿದಿತ್ತು. ಅದರ ಮುಂದೆ ಅವನು ಆಳುಗಳನ್ನು ತಡೆದು ನಿಲ್ಲಿಸಿಕೊಂಡಿದ್ದ.

"ಇದಕ್ಕೆ ಮೆಷಿನ್ ಬೇಡ" ಎಂದಳು. "ನಾನೇ ಕಡೀತೀನಿ. ಆ ಕಡೆ ಹಿಡಿಯೋರು ಬೇಕು."

ಆಳುಗಳು ಮುಖ ಮುಖ ನೋಡಿಕೊಂಡರು. ಅವನು ಬಂದು ಮಂಡಿಯೂರಿ ಆ ತುದಿ ಹಿಡಿದ.

ಮೊದಲ ಎಳೆತಕ್ಕೇ ಗರಗಸ ಸಿಕ್ಕಿಹಾಕಿಕೊಂಡಿತು. "ತಳ್ಳಬೇಡಿ" ಎಂದ ಮೆಲ್ಲಗೆ. "ನಿಮ್ಮ ಸರದಿ ಬಂದಾಗ ಎಳೀರಿ ಅಷ್ಟೇ. ನಾನು ಎಳೆಯೋವಾಗ ಕೈ ಸಡಿಲ ಬಿಡಿ."

ಅವಳು ಎಳೆದಳು, ಬಿಟ್ಟಳು. ಅವನು ಎಳೆದ, ಬಿಟ್ಟ. ನಡುವೆ ಮರ. ಮರದ ಆಚೆ ಅವನ ಮುಖ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಅವಳ ಕಣ್ಣೀರು ಗಲ್ಲದಿಂದ ಇಳಿದು ಕತ್ತಿನ ಬೆವರಿಗೆ ಸೇರಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವನು ನಿಲ್ಲಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಕೈ ಸೋತಾಗ ಮಾತ್ರ ತನ್ನ ಎಳೆತವನ್ನು ನಿಧಾನ ಮಾಡಿದ. ಅದನ್ನು ಅವಳು ಗಮನಿಸಿದಳು.

ಮರ ಒಮ್ಮೆ ನರಳಿ ಒರಗಿತು. ಅದರ ಕಾಯಿಗಳು ಇಳಿಜಾರಿನಲ್ಲಿ ಉರುಳಿಕೊಂಡು ಹೋದವು. ಆಳುಗಳು ಕೆಳಗಿಳಿದರು.

ಇಬ್ಬರೂ ಬುಡದ ಅಕ್ಕಪಕ್ಕ ಕುಳಿತರು.

"ಎರಡನೇ ಸಲ ಬಂದಾಗಲೇ ರೋಗ ಯಾವುದು ಅಂತ ಗೊತ್ತಾಗಿತ್ತು" ಎಂದ ಅವನು. "ಮೂರನೇ ಸಲ ಬರೋ ಅಗತ್ಯ ಇರ್ಲಿಲ್ಲ. ನಿಮ್ಮನ್ನ ನೋಡೋಕೆ ಬಂದೆ. ಅವತ್ತು ಇಲ್ಲಿ ಹೇಳೋಕೆ ಹೊರಟಿದ್ದು ಎರಡು ವಿಷಯ. ರೋಗದ್ದು ಮೊದಲು ಹೇಳ್ಬೇಕಿತ್ತು. ಅದನ್ನ ಹೇಳಿದ ಮೇಲೆ ಇನ್ನೊಂದು ಹೇಳೋ ಯೋಗ್ಯತೆ ಉಳಿಯಲ್ಲ ಅನ್ನಿಸ್ತು."

ಅವಳು ಗರಗಸದ ಹಲ್ಲುಗಳಿಂದ ಮರದ ಪುಡಿ ಬಿಡಿಸುತ್ತ ಕುಳಿತಳು.

"ಅವತ್ತು ಈ ಮರ ಬಿಡ್ತೀನಿ ಅಂದಿದ್ರೆ," ಎಂದಳು ಕೊನೆಗೆ, "ನಾನು ಖುಷಿಯಲ್ಲಿ ಕುಣಿದುಬಿಡ್ತಿದ್ದೆ. ಆಮೇಲೆ ಬದುಕಿರೋವರೆಗೂ ನಿಮ್ಮ ಮಾತು ನಂಬ್ತಿರ್ಲಿಲ್ಲ."

"ಈಗ?"

"ಈಗ ಸಿಟ್ಟಿದೆ. ತುಂಬ ಸಿಟ್ಟಿದೆ." ಅವಳು ಗರಗಸ ಕೆಳಗಿಟ್ಟಳು. "ಆದ್ರೆ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಕೂತು ನಾನು ಕಾಯ್ತಿದ್ದದ್ದು, ನೀವು ಬಂದಿದೀರಿ ಅಂತ ಯಾರಾದ್ರೂ ಹೇಳ್ಲಿ ಅಂತ."

ಕೆಳಗಿನಿಂದ ಅಪ್ಪ ಕೂಗಿದರು. "ಮರೀ, ಡಾಕ್ಟರನ್ನ ಊಟಕ್ಕೆ ಕರ್ಕೊಂಡು ಬಾ."

ಅವನು ಏಳದೆ ಅವಳ ಮುಖ ನೋಡಿದ. "ಇನ್ಮೇಲೆ ಇಲ್ಲಿ ನನಗೆ ಕೆಲಸ ಇಲ್ಲ. ಬರೋಕೆ ಕಾರಣ ಇಲ್ಲ."

"ಕಾರಣ ಇದ್ದಾಗ ಮಾತ್ರ ಬರೋರು ನನಗೆ ಬೇಡ. ಹಿಂದೊಬ್ಬರು ಇದ್ರು. ತೋಟ ಬಿಟ್ಟು ಬರಲ್ಲ ಅಂದೆ, ಕಾರಣ ಮುಗೀತು, ಹೋದ್ರು" ಎಂದಳು. "ಈ ಇಳಿಜಾರು ಖಾಲಿ ಇರೋವಾಗಲೂ ಬರೋ ಹಾಗಿದ್ರೆ ಬನ್ನಿ."

"ಬರ್ತೀನಿ."

"ಕೈ ತೊಳ್ಕೊಳ್ಳಿ, ನಡೀರಿ."

ಹಿತ್ತಿಲ ತೊಟ್ಟಿಯ ಬಳಿ ಅವಳು ಚೊಂಬಿನಲ್ಲಿ ನೀರು ತೆಗೆದು ಅವನ ಕೈಗೆ ಹಾಕಿದಳು. ಅಂಗೈಯ ಬೊಬ್ಬೆಗಳು ಒಡೆದಿದ್ದವು.

"ಉರಿಯುತ್ತಾ?"

"ಹೂಂ."

"ನನ್ನದೂ."

ಒಳಗಿನಿಂದ ಅತ್ತಿಗೆ ಒಮ್ಮೆ ಕರೆದಳು, ಮತ್ತೆ ಕರೆದಳು. ಕೈ ಯಾವಾಗಲೋ ಸ್ವಚ್ಛವಾಗಿತ್ತು. ಅವಳು ಇನ್ನೊಂದು ಚೊಂಬು ತುಂಬಿಕೊಂಡಳು. ಅವನು ಕೈ ಚಾಚಿಕೊಂಡೇ ನಿಂತಿದ್ದ.