ನಡುವಿನ ಗಿಟಾರು

"ಇಂಜಿನಿಯರಮ್ಮಾ, ನನ್ನ ಮೇಲೆ ನಿಮಗೇನಾದ್ರೂ ಹಳೇ ಸಿಟ್ಟಿದೆಯಾ?"

ಲುಜೋಲೊ ಸ್ಟುಡಿಯೋ ಬಾಗಿಲಿಗೆ ಒರಗಿ ನಿಂತಿದ್ದ. ಹೆಗಲಲ್ಲಿ ಗಿಟಾರು, ಕಾಲ ಬಳಿ ಸೂಟ್‌ಕೇಸು. ಮುಜಿಂಗಾ ದನಿ ಹೊಂದಿಸುವ ಮಿಕ್ಸರ್‌ನಿಂದ ಕಣ್ಣೆತ್ತಲಿಲ್ಲ. ಎತ್ತಿದರೆ ಆ ಓರೆನಗೆ ಕಾಣುತ್ತದೆ, ಆಮೇಲೆ ಕೈ ಹೇಳಿದ ಮಾತು ಕೇಳುವುದಿಲ್ಲ.

"ಯಾಕೆ, ಏನಾಯ್ತು?"

"ಏಳು ಹಾಡು ಮುಗಿಸಿದ್ರಿ. ಏಳರಲ್ಲೂ ನಾನು ಪಕ್ಕದ ಬೀದೀಲಿ ಕೂತು ಬಾರಿಸ್ದಂಗಿದೆ. ನಮ್ಮಮ್ಮ ಕೇಳ್ತಾಳೆ, ನೀನು ಬಾರಿಸಿದ್ಯೋ, ಬಿಯರ್ ಕುಡೀತಾ ಕೂತಿದ್ಯೋ ಅಂತ!"

"ಮುಂದಿನ ಗಿಟಾರಿಗೂ ತಾಳದ ಗಿಟಾರಿಗೂ ನಡುವಿನ ಗಿಟಾರು ಎದ್ದು ಕಾಣಬಾರದು. ಇಲ್ದಿದ್ರೆ ಮಾತ್ರ ಗೊತ್ತಾಗ್ಬೇಕು. ಬ್ಯಾಲೆನ್ಸ್ ಅಂದ್ರೆ ಅದೇ."

"ಹಾಗಿದ್ರೆ ಇನ್ಮೇಲೆ ಗೊತ್ತಾಗತ್ತೆ ಬಿಡಿ. ಮಧ್ಯಾಹ್ನದ ದೋಣಿಗೆ ನದಿಯಾಚೆ ಬ್ರಜ್ಜಾವಿಲ್, ಅಲ್ಲಿಂದ ವಿಮಾನದಲ್ಲಿ ಅಬಿಜಾನ್. ಎರಡು ವರ್ಷ." ಅವನ ನಗು ಸ್ವಲ್ಪ ಇಳಿಯಿತು. "ಈ ಕೊನೇ ಹಾಡಲ್ಲಾದ್ರೂ ನನ್ನೊಬ್ಬನನ್ನೇ ಒಂದ್ಸಲ ಕೇಳಿ."

"ದಿನಾ ಕೇಳ್ತೀನಲ್ಲ," ಎಂದಳು ಮುಜಿಂಗಾ. ಅದು ಶುದ್ಧ ಸುಳ್ಳು.

ಅವನು ಸೂಟ್‌ಕೇಸು ಎತ್ತಿಕೊಂಡು ಹೊರಟ.

ಅವಳು ಅವನನ್ನು ಒಂಟಿಯಾಗಿ ಕೇಳಿದ್ದೇ ಇಲ್ಲ. ಬೇರೆ ಎಲ್ಲರ ವಾದ್ಯವನ್ನೂ ಬಿಡಿಬಿಡಿಯಾಗಿ ಕೇಳಿ ತಿದ್ದುತ್ತಿದ್ದಳು. ಅವನದನ್ನು ಮಾತ್ರ ಡ್ರಮ್ಮು, ಬೇಸುಗಳ ಗದ್ದಲದಲ್ಲಿ ಬಚ್ಚಿಟ್ಟೇ ಕೇಳುತ್ತಿದ್ದಳು. ಎಲ್ಲಿ ಒಲವು ಬಯಲಾಗುತ್ತದೋ, ಮತೋಂಗೆ ಕೇರಿಯ ಬಾಯಿಗಳೆಲ್ಲ ಆಡಿಕೊಳ್ಳುತ್ತವೋ ಎಂದು ಹೆದರಿ, ಪ್ರತಿ ಹಾಡಿನಲ್ಲೂ ಅವನನ್ನು ಒಂದು ಗೆರೆ ಕೆಳಗೇ ಇಡುತ್ತಿದ್ದಳು. ಪ್ರೀತಿಸಿದವನನ್ನೇ ತುಳಿದಿದ್ದಳು, ಪಾಪದವಳು.

ಈಗ ಸ್ಟುಡಿಯೋದಲ್ಲಿ ಯಾರಿಗೂ ಹೆದರಬೇಕಿರಲಿಲ್ಲ. ಕೊನೆಯ ಹಾಡಿನಲ್ಲಿ ಉಳಿದೆಲ್ಲ ವಾದ್ಯಗಳ ದನಿ ಮುಚ್ಚಿದಳು.

ಬೆರಳು ತಂತಿಯ ಮೇಲೆ ಜಾರುವ ಸದ್ದು. ಕುರ್ಚಿಯ ಕಿರಕಿರ. ಹಾಡು ಕುಣಿತಕ್ಕೆ ಜಿಗಿಯುವ ಮುಂಚಿನ ಜಾಗ ಬಂತು. ಅಲ್ಲಿ ಗಾಯಕ ಕಾಸು ಕೊಟ್ಟ ದೊಡ್ಡವರ ಹೆಸರು ಕೂಗುತ್ತಾನೆ: ಮಂತ್ರಿ, ವ್ಯಾಪಾರಿ, ಪ್ಯಾರಿಸ್ಸಿನಲ್ಲಿರುವ ಯಾರದೋ ಭಾವಮೈದ. ಎಷ್ಟೋ ನೂರು ಹೆಸರುಗಳನ್ನು ಮುಜಿಂಗಾ ಅಳತೆಯಾಗಿ ಕೂರಿಸಿದ್ದಳು. ಅವಳ ಹೆಸರನ್ನು ಇದುವರೆಗೆ ಯಾರೂ ಕೂಗಿರಲಿಲ್ಲ.

ಗಿಟಾರಿನ ಮೈಕಿನಲ್ಲಿ ಉಸಿರಿನಷ್ಟು ಮೆಲ್ಲಗೆ ಅವನ ದನಿ: "ಮುಜಿಂಗಾಗೆ. ನನ್ನ ಮುಜಿಂಗಾಗೆ."

ಅವಳು ಎದ್ದು ನಿಂತಳು, ಕೂತಳು. ಹಳೆಯ ಏಳು ಹಾಡುಗಳನ್ನೂ ತೆರೆದಳು. ಏಳರಲ್ಲೂ ಅದೇ ಜಾಗದಲ್ಲಿ, ಅದೇ ಮಾತು. ಅಷ್ಟೂ ಸಲ ಅವಳೇ ಅವನ ಬಾಯಿ ಮುಚ್ಚಿದ್ದಳು. ಮುಖ ಮುಚ್ಚಿಕೊಂಡು ಅತ್ತಳು.

ಫೋನ್ ಮಾಡಿದರೆ ರಿಂಗಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ದೋಣಿಯ ಹೊತ್ತು ಮೀರಿತ್ತು. ಕೊನೆಯ ಹಾಡಿನಲ್ಲಿ ಅವನ ಗಿಟಾರನ್ನು ಎಲ್ಲಕ್ಕಿಂತ ಮೇಲೆ ಏರಿಸಿದಳು.

ಸಂಜೆಗೆ ಮುಂಚೆ ಬ್ಯಾಂಡಿನ ಯಜಮಾನ, ಎಲ್ಲರೂ ಅಪ್ಪ ಎಂಬ ಅರ್ಥದಲ್ಲಿ ಪಾಪಾ ಎನ್ನುವ ಗಾಯಕ ಎಂಗೋಯಿ ಹಾಡು ಕೇಳಲು ಬಂದರು. ಹೆಸರಿನ ಜಾಗ ಬರುತ್ತಿದ್ದಂತೆ ಹುಬ್ಬು ಗಂಟಾಯಿತು.

"ಏನಮ್ಮಾ ಇದು! ನಾನು ಮಂತ್ರಿ ಹೆಸರು ಕೂಗ್ತಿದ್ರೆ ಗಿಟಾರು ಮೈಮೇಲೆ ಬರ್ತಿದೆ. ಅದರ ಜೊತೆ ಯಾರೋ ಗೊಣಗ್ತಿದ್ದಾನೆ. ಯಾರ ಹೆಸರು ಅದು?"

"ನನ್ನದು, ಪಾಪಾ."

ಮುದುಕ ಅವಳ ಕೆಂಪಾದ ಕಣ್ಣು ನೋಡಿದರು. ನಲವತ್ತು ವರ್ಷ ತಮ್ಮ ದನಿ ಏರಿಸಿ ಎಂದೇ ಜಗಳವಾಡಿದ್ದ ಮನುಷ್ಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಹಾಗಿದ್ರೆ ಅಲ್ಲಿ ನನ್ನ ದನಿ ಸ್ವಲ್ಪ ಇಳ್ಸು, ಮಗಳೇ. ಹುಡುಗ ಹೇಳೋದು ಸರಿಯಾಗಿ ಕೇಳಿಸ್ಲಿ."

ಅವಳು ಅವರ ದನಿ ಇಳಿಸಿದಳು. ಪಾಪಾ ಹೋದ ಮೇಲೆ ಹಾಡನ್ನು ಲುಜೋಲೊನ ಫೋನಿಗೆ ಕಳಿಸಿದಳು. ಬಹಳ ಹೊತ್ತಿನ ಮೇಲೆ, ನದಿಯ ಆಚೆ ದಡದಿಂದ ಉತ್ತರ ಬಂತು: "ಇಂಜಿನಿಯರಮ್ಮಾ, ಬ್ಯಾಲೆನ್ಸ್ ಕೆಟ್ಟಿದೆ."

"ಗೊತ್ತು," ಎಂದು ಬರೆದಳು. "ನೀನು ಬರೋವರೆಗೂ ಹೀಗೇ ಇರತ್ತೆ."

ಆಮೇಲೆ ಅವಳು ಖಾಲಿ ಸ್ಟುಡಿಯೋದಲ್ಲಿ ಕೂತು, ಅವನೊಬ್ಬನ ಗಿಟಾರನ್ನೇ ಮತ್ತೆ ಮೊದಲಿಂದ ಕೇಳಿದಳು.