ನೀಲಿ ಕನ್ನಡಿಯ ಸ್ಕ್ರೂ

ಯಂತ್ರದ ಮುಂದೆ ನಿಲ್ಲಿಸಿದ ಕಾರ್ಡಿನಲ್ಲಿ ಎರಡು ಹೆಸರುಗಳಿದ್ದವು. ಒಂದು ವಿಭಾಗದ ಹೆಡ್ ಅವರದು, ಇನ್ನೊಂದು ಕೆಲಸಕ್ಕೆ ಸೇರಿ ಆರು ವಾರವಾದ ಇಂಜಿನಿಯರ್ ಹುಡುಗಿಯದು. ಯಂತ್ರ ಕಟ್ಟಿದವಳ ಹೆಸರು ಇರಲಿಲ್ಲ.

ಕಟ್ಟಿದವಳನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ಎಲ್ಲರೂ ಬೆಸುಗೆ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಸೋಲ್ಡರಿಂಗ್ ಐರನ್ ಹಿಡಿದ ಕೈ. ಗುಜರಿಗೆ ಹೊರಟಿದ್ದ ಹಳೆ ಪ್ರೊಜೆಕ್ಟರುಗಳ ಹೊಟ್ಟೆ ಸೀಳಿ ನೀಲಿ ಲೇಸರ್ ಡಯೋಡು ತೆಗೆದವಳು ಅವಳು. ಸತ್ತ ಡಿವಿಡಿ ರೈಟರುಗಳಿಂದ ಕೆಂಪು ಕಿತ್ತವಳು ಅವಳು. ಹಸಿರೊಂದನ್ನು ಮಾತ್ರ ಸ್ಟೋರಿನವರ ಪ್ರಾಣ ತಿಂದು ತರಿಸಿದ್ದಳು. ಮೂರು ಬಣ್ಣದ ಕಿರಣಗಳನ್ನು ಪುಟ್ಟ ಗಾಜುಗಳ ಮೂಲಕ ಒಂದೇ ದಾರಿಗೆ ತಂದರೆ ಗೋಡೆಯ ಮೇಲೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯನ್ನು ಎರಡು ಅಲುಗಾಡುವ ಕನ್ನಡಿಗಳು ಅತ್ತಿತ್ತ ಓಡಿಸಿದರೆ ಚಿತ್ರ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ನಾಲ್ಕು ತಿಂಗಳು ಹಿಡಿದಿತ್ತು.

ಹೆಸರು ಬಿಟ್ಟಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಅದು ಹಳೆಯ ಸಿಟ್ಟು. ವರ್ಷಕ್ಕೊಮ್ಮೆಯಾದರೂ ಬಂದು ಹೋಗುವಂಥದ್ದು, ಅದರ ಜೊತೆ ಏಗುವುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆಯದು. ಅರ್ಧ ತೆರೆದ ಬಾಗಿಲಿನಾಚೆ, ಹಾಲಿನಲ್ಲಿ, ಅವನು ಆ ಇಂಜಿನಿಯರ್ ಹುಡುಗಿಗೆ ಹೇಳುತ್ತಿದ್ದ:

"ಇನ್ನೂ ಎಡಕ್ಕೆ. ಒಂದು ಕೂದಲೆಳೆ."

ಬೆಸುಗೆಯ ಕೈಯಲ್ಲಿದ್ದ ಸೀಸದ ತಂತಿ ಬೆಂಚಿನ ಮೇಲೆ ಬಿತ್ತು. ಆ ಕೂದಲೆಳೆ ಅವಳದಾಗಿತ್ತು.

ಅವನು ಲ್ಯಾಬಿನ ಅಟೆಂಡರ್. ಅವನಿಗೆ ಗೋಡೆ ಅಂತ ಹೆಸರಿಟ್ಟವಳೂ ಅವಳೇ, ಯಾಕೆಂದರೆ ನಾಲ್ಕು ತಿಂಗಳು ಅವನು ನಿಂತದ್ದು ಗೋಡೆಯ ಹತ್ತಿರ. ನೀಲಿ ಕಿರಣ ಕಣ್ಣು ತೆಗೆಯುವಂಥದ್ದು. ಅದಕ್ಕೆ ಇಬ್ಬರೂ ಕಿತ್ತಳೆ ಬಣ್ಣದ ಕನ್ನಡಕ ಹಾಕಬೇಕು. ಹಾಕಿದರೆ ನೀಲಿ ಕಾಣುವುದೇ ಇಲ್ಲ. ಅವಳು ಯಂತ್ರದ ಹತ್ತಿರ ನೀಲಿ ಕನ್ನಡಿಯ, ಅಂದರೆ ನೀಲಿ ಕಿರಣದ ದಿಕ್ಕು ತಿರುಗಿಸುವ ಕನ್ನಡಿಯ, ಸ್ಕ್ರೂ ಹಿಡಿಯುವಳು. ಅವನು ಮೂವತ್ತು ಅಡಿ ದೂರದಲ್ಲಿ ಕಿತ್ತಳೆ ಹೈಲೈಟರ್ ಬಳಿದ ಅಂಗೈಯಗಲದ ರಟ್ಟು ಹಿಡಿಯುವನು. ನೀಲಿ ಬಿದ್ದ ಕಡೆ ರಟ್ಟು ಸಣ್ಣ ಕೆಂಡದ ಹಾಗೆ ಮಿನುಗುತ್ತಿತ್ತು, ರಟ್ಟು ಹಿಡಿದವನಿಗಷ್ಟೇ ಕಾಣುವಷ್ಟು. ಸ್ಕ್ರೂ ಹಿಡಿದವಳಿಗೆ ಅವನ ದನಿಯೇ ದಾರಿ. ಬಲಕ್ಕೆ. ಸಾಕು. ಸ್ವಲ್ಪ ಹಿಂದೆ. ಕೊನೆಗೆ, ಉಸಿರು ಬಿಗಿಹಿಡಿದು, ಒಂದು ಕೂದಲೆಳೆ.

ಮೊದಲ ಸಲ ಹಾಗಂದಾಗ ಅವಳು ಕೇಳಿದ್ದಳು, "ಯಾರ ಕೂದಲು?"

"ನಿಂದು," ಅಂದಿದ್ದ. "ನನ್ನದು ಉದುರಿ ಹೋಗ್ತಿದೆ, ಅಳತೆಗೆ ಸಿಗಲ್ಲ."

ಈಗ ಯಂತ್ರವನ್ನು ಉದ್ಘಾಟನೆಗೆಂದು ಹಾಲಿಗೆ ಸಾಗಿಸುವಾಗ ಯಾರೋ ಮೇಜನ್ನು ಬಾಗಿಲಿಗೆ ತಾಗಿಸಿದ್ದರು. ಕೆಂಪು, ಹಸಿರಿನ ಸ್ಕ್ರೂಗಳಿಗೆ ಅವಳು ಆಗಲೇ ಗಮ್ ಹಾಕಿ ಬಿಗಿದಿದ್ದಳು, ಅವು ಕದಲಲಿಲ್ಲ. ಗಮ್ ಹಾಕದ ನೀಲಿ ಜಾರಿತು. "ಇಂಜಿನಿಯರ್ ನೋಡ್ಕೋತಾರೆ, ನೀನು ಒಳಗೆ ಕೂತು ಸ್ಪೇರ್ ಪವರ್ ಸಪ್ಲೈ ಬೋರ್ಡು ರೆಡಿ ಮಾಡು," ಅಂದರು ಹೆಡ್. ಅವಳು ಒಳಗೆ ಕೂತಳು. ಗೋಡೆ ಹೊರಗೆ ಉಳಿದ.

ಬಾಗಿಲಿನ ಸಂದಿಯಲ್ಲಿ ಕಂಡದ್ದು ಇಷ್ಟು: ಇಂಜಿನಿಯರ್ ಹುಡುಗಿಯ ನೆಟ್ಟನೆಯ ಕೂದಲು, ಹಿಂದೆ ಹೊಳೆಯುವ ಕ್ಲಿಪ್ಪು. ರಟ್ಟು ತೋರಿಸಲು ಇವನು ಅವಳ ಬಳಿಗೆ ನಡೆದು ಬಂದದ್ದು. ಅವಳ ಕನ್ನಡಕದ ಪಟ್ಟಿ ಸಿಕ್ಕಿಕೊಂಡಾಗ ಬಿಡಿಸಿಕೊಟ್ಟದ್ದು. ಅವಳು ಏನೋ ಅಂದು ನಕ್ಕದ್ದು, ಇವನೂ ನಕ್ಕದ್ದು. ನಗುವಾಗ ಇವನ ಎಡಗೆನ್ನೆಯಲ್ಲಿ ಬೀಳುವ ಗೆರೆಯನ್ನು ಬೆಸುಗೆ ತನ್ನ ಆಸ್ತಿ ಅಂದುಕೊಂಡಿದ್ದಳು. ಆ ದಿನ ಅವಳು ಒಂದೇ ಬೋರ್ಡಿಗೆ ಮೂರು ಸಲ ತಪ್ಪು ಬೆಸುಗೆ ಹಾಕಿದಳು.

ಮನೆಯಲ್ಲಿ ಚಿಕ್ಕಮ್ಮ ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಕೇಳಿದಳು, "ಮುಖ ಊದಿಸ್ಕೊಂಡು ಬಂದಿದ್ದೀಯ. ಹೆಸರು ಹಾಕ್ಲಿಲ್ಲ ಅಂತನಾ, ಇಲ್ಲ ಆ ಗೋಡೆ ಬೇರೆ ಕಡೆ ವಾಲಿತು ಅಂತನಾ?"

"ಹೆಸರಿಗೇ."

"ಸುಳ್ಳು. ಹೆಸರಿನ ಸಿಟ್ಟಾದ್ರೆ ಬಾಯ್ತುಂಬ ಬಯ್ತಿದ್ದೆ. ಈಗ ಬಾಯಿ ಹೊಲ್ಕೊಂಡು ಕೂತಿದ್ದೀಯ."

ಬೆಸುಗೆ ಚಿಕ್ಕಮ್ಮನ ದಾರದ ಉಂಡೆಯನ್ನು ಸುತ್ತಿದಳು, ಬಿಚ್ಚಿದಳು. "ಅವಳ ಕೂದಲು ಹೇಗಿದೆ ಗೊತ್ತಾ? ಇಸ್ತ್ರಿ ಹಾಕಿದ ಹಾಗೆ. ನನ್ನದು ಬರೀ ಸೋಲ್ಡರ್ ಹೊಗೆ ನಾರುತ್ತೆ."

"ಅವನು ಮೂಗಿಟ್ಟು ನೋಡಿದ್ನಾ?"

"ಚಿಕ್ಕಮ್ಮ."

"ಕೇಳಿದೆ ಅಷ್ಟೆ." ಮಷೀನು ಒಂದು ಗೆರೆ ಓಡಿ ನಿಂತಿತು. "ನೋಡು, ಅವನನ್ನ ಕಳ್ಕೊಂಡ್ರೆ ಅಳು, ಬೇಡ ಅನ್ನಲ್ಲ. ಆದ್ರೆ ಹೆಸರನ್ನ ಬಿಟ್ಟು ಬರಬೇಡ. ನಾನು ಇಪ್ಪತ್ತು ವರ್ಷ ಬೇರೆಯವರ ಲೇಬಲ್ ಹೊಲಿದಿದ್ದೀನಿ."

ಮೂರನೆಯ ದಿನ ಹನ್ನೊಂದು ಗಂಟೆಗೆ ಅತಿಥಿಗಳು ಬರುವವರಿದ್ದರು. ಹತ್ತೂ ಕಾಲಿಗೆ ಹೆಡ್ ವರ್ಕ್‌ಶಾಪಿಗೆ ಬಂದು ಹಣೆ ಒರೆಸಿಕೊಂಡರು. "ಎರಡು ದಿನದಿಂದ ತಿರುಗಿಸ್ತಾ ಇದ್ದಾರೆ, ನೀಲಿ ಇನ್ನೂ ದೂರ ಹೋಗ್ತಿದೆ. ಸ್ವಲ್ಪ ಕೂಡಿಸಿ ಕೊಡಮ್ಮ."

ಇಂಜಿನಿಯರ್ ಹುಡುಗಿ ಯಂತ್ರದಿಂದ ಸರಿದು ಅವಳಿಗೆ ಜಾಗ ಬಿಟ್ಟಳು, ಹೆಡ್ ಹಿಂದೆ ಹೊರಗೆ ನಡೆದಳು. ಸೋತವಳ ಮುಖ, ಆದರೆ ಕಪಟವಿಲ್ಲದ್ದು. ಅದೂ ಬೆಸುಗೆಗೆ ಹಿಡಿಸಲಿಲ್ಲ. ಕೆಟ್ಟವಳಾಗಿದ್ದರೆ ದ್ವೇಷಿಸುವುದು ಸಲೀಸಾಗುತ್ತಿತ್ತು. ಬೆಸುಗೆ ಕನ್ನಡಕ ಹಾಕಿಕೊಂಡು, ದೂರದ ಗೋಡೆಯತ್ತ ನೋಡದೆ ಕೇಳಿದಳು, "ಎಲ್ಲಿದೆ?"

"ಬಲಕ್ಕೆ ತಾ," ಅಂದ ಗೋಡೆ.

ಅವಳು ಸ್ಕ್ರೂ ಮುಟ್ಟಿದಳು. ಬೆರಳು ನಿಂತಿತು. ಸ್ಕ್ರೂ ಎಡದ ತುದಿಗೆ ಬಂದು ಕಳಚಿ ಬೀಳುವ ಹಾಗಿತ್ತು, ಹಿಂದಿನ ಸ್ಪ್ರಿಂಗ್ ಸಡಿಲಾಗಿ ತೂಗುತ್ತಿತ್ತು. ಮೇಜು ತಾಗಿದಾಗ ನೀಲಿ ಜಾರಿದ್ದೇ ಎಡಕ್ಕೆ, ಅದು ಅವಳ ಕಣ್ಣೆದುರೇ ಆದದ್ದು. ಎರಡು ದಿನವೂ ಬಾಗಿಲಿನಾಚೆಯಿಂದ ಕೇಳಿದ್ದು ಎಡಕ್ಕೆ, ಇನ್ನೂ ಎಡಕ್ಕೆ, ಜಾರಿದ ಕಡೆಗೇ.

ಅವಳು ನಿಧಾನವಾಗಿ ತಿರುಗಿಸತೊಡಗಿದಳು. ಒಂದು ಸುತ್ತು, ಎರಡು, ಮೂರು. ನಾಲ್ಕನೆಯದಕ್ಕೆ ದನಿ ತಗ್ಗಿಸಿ ಕೇಳಿದಳು, "ಎಡ ಯಾವುದು ಬಲ ಯಾವುದು ಮರೆತುಹೋಯ್ತಾ?"

"ನಾಲ್ಕು ತಿಂಗಳು ನೆನಪಿತ್ತು. ಆಗ ಸ್ಕ್ರೂ ಹಿಡಿದಿದ್ದ ಕೈ ಬೇರೆ."

ಖಾಲಿ ಹಾಲಿನಲ್ಲಿ ಮಾತು ಗೋಡೆಯಿಂದ ಗೋಡೆಗೆ ಬಡಿದು ಅವಳ ಕಿವಿಗೆ ಬಂತು. ಅವಳ ಕೆನ್ನೆ ಕಾದಿತು. ಆದರೆ ಅಷ್ಟು ಸುಲಭಕ್ಕೆ ಬಿಡುವ ಜಾತಿಯಲ್ಲ ಅವಳ ಹೊಟ್ಟೆಕಿಚ್ಚು.

"ಕೂದಲೆಳೆ ಅಂದೆ ಅವಳಿಗೆ."

"ಬಾಗಿಲು ತೆರೆದಿತ್ತು. ಜೋರಾಗಿ ಅಂದೆ. ನಿನಗೆ ಕೇಳಲಿ ಅಂತ."

"ನನ್ನ ಹೊಟ್ಟೆ ಉರಿಸೋಕಾ?"

"ಹೂಂ. ಮೊದಲ ದಿನವೇ ಬಾಗಿಲು ಒದ್ದು ಬರ್ತೀಯ ಅಂದ್ಕೊಂಡೆ. ನೀನು ಎರಡು ದಿನ ಒಳಗೇ ಕೂತೆ. ನನಗೇ ಉರೀತು."

"ಅವಳ ಕನ್ನಡಕದ ಪಟ್ಟಿ?"

"ಅದನ್ನೂ ನೋಡಿದ್ಯಾ."

"ನಗೋದು ಬೇರೆ."

"ನೀನು ಗೋಡೆ ಅಂತ ಯಾಕೆ ಕರೀತೀಯ ಅಂತ ಕೇಳಿದ್ರು. ನಿನ್ನ ವಿಷಯ ಬಂತು, ನಗು ಬಂತು." ಅವನು ರಟ್ಟನ್ನು ಮೇಲೆತ್ತಿದ. "ಸಾಕು. ಹತ್ತಿರ ಬಂತು. ಇನ್ನೊಂದು ಕೂದಲೆಳೆ. ನಿಂದು."

ಅವಳು ಉಸಿರು ಹಿಡಿದಳು. ಬೆರಳು ತಿರುಗಿತೋ ಇಲ್ಲವೋ ಅನ್ನುವಷ್ಟು ತಿರುಗಿತು.

"ಬಂತು," ಅಂದ ಅವನು.

ಅವಳು ಕಿರಣದ ಪವರನ್ನು ತಳಮಟ್ಟಕ್ಕೆ ಇಳಿಸಿ ಕನ್ನಡಕ ತೆಗೆದಳು. ಅವನೂ ತೆಗೆದ, ರಟ್ಟನ್ನು ಜೇಬಿಗಿಟ್ಟು ಅಂಗೈ ಚಾಚಿದ. ಅಂಗೈಯ ನಡುವೆ ಒಂದು ಬಿಳಿ ಚುಕ್ಕೆ, ಸಾಸಿವೆ ಕಾಳಿನಷ್ಟು, ಅಂಚಿನಲ್ಲೆಲ್ಲೂ ಬಣ್ಣವಿಲ್ಲ. ಅವನು ಅದನ್ನೇ ನೋಡುತ್ತ, ಅವಳನ್ನು ನೋಡದೆ, ಹೇಳಿದ: "ಜೀವನಪೂರ್ತಿ ಇಲ್ಲೇ ನಿಂತು ಎಡ ಬಲ ಹೇಳ್ತಿರಲಾ?"

"ಸರಿಯಾಗಿ ಹೇಳೋದಾದ್ರೆ," ಅಂದಳು ಬೆಸುಗೆ. ಕಣ್ಣು ತುಂಬಿತು, ಚುಕ್ಕೆ ಒಂದು ಗಳಿಗೆ ಎರಡಾಗಿ ಮತ್ತೆ ಒಂದಾಯಿತು.

ಹೆಡ್ ಕೈ ಉಜ್ಜಿಕೊಂಡು ಬಂದರು, ಹಿಂದೆಯೇ ಇಂಜಿನಿಯರ್ ಹುಡುಗಿ. "ಆಯ್ತಲ್ಲ, ಒಳ್ಳೇದಾಯ್ತು. ಈಗ ನೀಲಿಗೂ ಗಮ್ ಹಾಕಿ ಬಿಗಿದುಬಿಡು. ಆಮೇಲೆ ನೀವಿಬ್ಬರೂ ಹಿಂದಿನ ಬಾಗಿಲಿಂದ ವರ್ಕ್‌ಶಾಪಿಗೆ ಹೋಗಿ. ಅತಿಥಿಗಳು ಗೇಟಿಗೆ ಬಂದಿದ್ದಾರೆ."

ಗಮ್ಮಿನ ಪುಟ್ಟ ಸೀಸೆ ಅವಳ ಜೇಬಿನಲ್ಲಿತ್ತು. ಅವಳು ಅದನ್ನು ತೆಗೆದು ಕಾರ್ಡಿನ ಪಕ್ಕ ಇಟ್ಟಳು. ಮುಚ್ಚಳ ತೆರೆಯಲಿಲ್ಲ.

"ಹಾಕಮ್ಮ ಬೇಗ."

"ಗಮ್ ಹಾಕಿದ್ರೆ ನಾನಿಲ್ಲದೆಯೂ ಇದು ನಡೆಯುತ್ತೆ ಸರ್. ಹಾಕದಿದ್ರೆ ಯಾರಾದ್ರೂ ಮೇಜು ಮುಟ್ಟಿದ ಕೂಡಲೇ ನೀಲಿ ಜಾರುತ್ತೆ. ಆಗ ಕೂಡಿಸೋಕೆ ನಾನಿಲ್ಲೇ ಇರಬೇಕಾಗುತ್ತೆ."

ಹೆಡ್ ದೂರದ ಗೋಡೆಯತ್ತ ತಿರುಗಿದರು. "ನೀನಾದ್ರೂ ಹೇಳಪ್ಪ ಇವಳಿಗೆ."

ಅವನು ಚಾಚಿದ ಅಂಗೈ ಇಳಿಸಲಿಲ್ಲ. "ನನ್ನ ಎಡ ಬಲ ಕೇಳಿ ಎರಡು ದಿನ ಹಾಳಾಯ್ತಲ್ಲ ಸರ್. ಮತ್ತೆ ನನ್ನನ್ನೇ ಕೇಳ್ತೀರಾ?"

ಇಂಜಿನಿಯರ್ ಹುಡುಗಿಯ ತುಟಿ ಅದುರಿತು. ನಗುವೋ, ಈಗ ಅರ್ಥವಾದದ್ದರ ಸಿಟ್ಟೋ, ಎರಡೂ ಇರಬೇಕು. ಅವಳು ಕಾರ್ಡನ್ನು ಎತ್ತಿಕೊಂಡಳು, ತನ್ನ ಹೆಸರಿನ ಮೇಲೆ ಗೆರೆ ಎಳೆದಳು, ಪೆನ್ನನ್ನು ಬೆಸುಗೆಯ ಮುಂದೆ ಹಿಡಿದಳು.

ಹೊರಗೆ ಕಾರಿನ ಬಾಗಿಲುಗಳು ಮುಚ್ಚಿದ ಸದ್ದು.

"ಕೊನೆಯ ಸಲ ಹೇಳ್ತಿದ್ದೀನಿ," ಅಂದರು ಹೆಡ್. "ಗಮ್ ಹಾಕಿ ಹೊರಡು."

ಬೆಸುಗೆ ಪೆನ್ನು ತೆಗೆದುಕೊಂಡಳು. ಇನ್ನೊಂದು ಕೈಯ ಬೆರಳು ನೀಲಿಯ ಸ್ಕ್ರೂ ಮೇಲೇ ಇತ್ತು.

"ಹಾಕಲ್ಲ ಸರ್," ಅಂದಳು. "ಹೊರಡೋದೂ ಇಲ್ಲ."