ನೂರು ವರ್ಷ ಏಳದ ಪಂಕ್ತಿ

ಬಹಳ ಹಿಂದೆ, ನವಿಲುಗಳಿಗೆ ಇನ್ನೂ ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ, ಸೀಗೆಪಟ್ಟಣ ಅಂತ ಒಂದು ರಾಜ್ಯ ಇತ್ತು. ಅದು ಎಲ್ಲಿತ್ತು ಅನ್ನುವುದು ನನಗೊಬ್ಬನಿಗೇ ಗೊತ್ತು. ಹೇಳಿದರೆ ನೀವೆಲ್ಲ ಎದ್ದು ಅತ್ತ ಹೊರಟುಬಿಡುತ್ತೀರಿ, ಕತೆ ಕೇಳಲು ಯಾರೂ ಉಳಿಯುವುದಿಲ್ಲ.

ಆ ಊರ ಕೋಟೆಯ ಮೂಲೆಯಲ್ಲಿ ಒಂದು ಹಳೆಯ ಸೆರೆಮನೆ. ಅದರ ತುಂಬ ದೆವ್ವಗಳು. ರಾತ್ರಿ ಕಾಣುವ ದೆವ್ವಕ್ಕೆ ಯಾರು ಬೇಕಾದರೂ ಹೆದರುತ್ತಾರೆ, ಅದೇನು ಹೆಚ್ಚುಗಾರಿಕೆ? ಇವು ಮಟಮಟ ಮಧ್ಯಾಹ್ನದ ದೆವ್ವಗಳು. ಸೂರ್ಯ ನೆತ್ತಿಗೆ ಬಂದರೆ ಸಾಕು, ಒಳಗಿನಿಂದ ನೂರು ಗಂಟಲು ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದವು. ಅವಕ್ಕೆ ತಲೆಯಿಲ್ಲ ಅಂತ ಕುಂಬಾರರು ಹೇಳುತ್ತಿದ್ದರು. ತಲೆಯಿದೆ, ಪಾದ ಹಿಂದುಮುಂದು ಅಂತ ಗಾಣಿಗರು ಹೇಳುತ್ತಿದ್ದರು. ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ನಾನೊಬ್ಬ ಕಂಡಿದ್ದೇನೆ. ಆಗಿನ್ನೂ ಹುಟ್ಟಿರಲಿಲ್ಲ, ಅಷ್ಟೇ.

ಸೆರೆಮನೆಯ ಒಡೆಯ ಕೊಕ್ಕರೆಸಿದ್ಧ ಅನ್ನುವ ಮಾಂತ್ರಿಕ. ಅವನ ಬೆತ್ತಕ್ಕೆ ಶಕ್ತಿ ಬರುತ್ತಿದ್ದುದು ಆ ದೆವ್ವಗಳಿಂದಲೇ. ಅವನ ಸೆರೆಯಲ್ಲಿ ಏಳು ದಿನ ಕಳೆದವನು ಏಳನೆಯ ಮಧ್ಯಾಹ್ನಕ್ಕೆ ತಾನೂ ದೆವ್ವವಾಗುತ್ತಿದ್ದ.

ಕೋಟೆ ಬಾಗಿಲಲ್ಲಿ ದೇವೀರಿ ಎಂಬ ಹುಡುಗಿ ಮಜ್ಜಿಗೆ ಮಾರುತ್ತಿದ್ದಳು. "ಈ ದೇವೀರಿ ಒಂದು ಗಡಿಗೆ ಮಜ್ಜಿಗೆಗೆ ಒಂದು ಬಾವಿ ನೀರು ಬೆರೆಸುತ್ತಾಳೆ" ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. "ಬಾವಿ ದೊಡ್ಡದಾದರೆ ನನ್ನ ತಪ್ಪೇ?" ಅನ್ನುತ್ತಿದ್ದಳು ಅವಳು.

ಅವಳ ಅಣ್ಣ ಕೆಂಚಣ್ಣ ಅರಮನೆಯಲ್ಲಿ ಕಹಳೆ ಊದುವವನು. ಒಂದು ದಿನ ತುಂಬಿದ ಸಭೆಯಲ್ಲಿ ಕೊಕ್ಕರೆಸಿದ್ಧ ಸೀನಿದ. ಸೀನಿದ ರಭಸಕ್ಕೆ ಪೇಟ ಹಾರಿ ರಾಣಿಯ ಗಿಣಿಯ ತಲೆಮೇಲೆ ಕೂತಿತು. ಕೆಂಚಣ್ಣ ನಕ್ಕ. ಬರಿಯ ಬಾಯಲ್ಲಿ ನಕ್ಕಿದ್ದರೆ ಹೇಗೋ ಆಗುತ್ತಿತ್ತು, ಕಹಳೆಯೊಳಗೆ ನಕ್ಕುಬಿಟ್ಟ! ನಗು ಏಳು ಊರಿಗೆ ಕೇಳಿಸಿತು. ಮಾಂತ್ರಿಕ ಅವನನ್ನು ಎಳೆದೊಯ್ದು ಒಳಗೆ ಹಾಕಿದ.

ಏಳನೆಯ ದಿನ ಬೆಳಿಗ್ಗೆ ದೇವೀರಿ ಗಡಿಗೆ ಹೊತ್ತುಕೊಂಡೇ ರಾಜನ ಮುಂದೆ ನಿಂತಳು.

"ನಾನೇನು ಮಾಡಲಿ ತಾಯಿ?" ಅಂದ ರಾಜ. "ನನ್ನ ಕಿರೀಟವನ್ನೇ ಅವನು ಎರಡು ಸಲ ಕಪ್ಪೆ ಮಾಡಿದ್ದಾನೆ. ನಮ್ಮ ಮುತ್ತಾತ ಸೆರೆಮನೆಯ ಗೋಡೆಯ ಮೇಲೆ ಒಂದು ಆಜ್ಞೆ ಕೆತ್ತಿಸಿದ್ದಾರೆ. ಅದನ್ನು ಮಾತ್ರ ಅವನಿಗೂ ಅಳಿಸಲಾಗಿಲ್ಲ. 'ಇಲ್ಲಿ ಉಂಡು ಎದ್ದವರಿಗೆಲ್ಲ ಬಿಡುಗಡೆ.' ಆದರೆ ಇದುವರೆಗೆ ಎದ್ದವರೇ ಇಲ್ಲ."

"ಯಾಕೆ ಏಳಲಿಲ್ಲ ಅಂತ ನೋಡಿಕೊಂಡು ಬರುತ್ತೇನೆ ಬುದ್ಧಿ" ಅಂದು ದೇವೀರಿ ಹೊರಟಳು.

ಸೆರೆಮನೆಯ ಬಾಗಿಲಿಗೆ ಬೀಗವಿರಲಿಲ್ಲ, ಬೀಗದ ಜಾಗದಲ್ಲಿ ಒಂದು ಕಬ್ಬಿಣದ ಮೊಸಳೆ ಚಿಲಕ ಕಚ್ಚಿಕೊಂಡಿತ್ತು. "ಬಾಯಿ ತೆಗೆಯಪ್ಪಾ" ಅಂದಳು ದೇವೀರಿ. "ಹ್ಯಾಗ್ ತೆಗೀಲಿ? ದವಡೆಗೆ ತುಕ್ಕು ಹಿಡಿದಿದೆ" ಅಂತ ಮೊಸಳೆ ಹಲ್ಲಿನ ಸಂದಿಯಲ್ಲೇ ಗೊಣಗಿತು. ಹುಳಿ ಮಜ್ಜಿಗೆಗೆ ತುಕ್ಕು ಬಿಡುತ್ತದೆ ಅಂತ ದೇವೀರಿಗೆ ಗೊತ್ತಿಲ್ಲವೇ? ಮೂರನೆಯ ಒಂದು ಪಾಲು ಸುರಿದು ತಿಕ್ಕಿದಳು. ಮೊಸಳೆ ಬಾಯಿ ತೆರೆದು ಆಕಳಿಸಿತು, ಬಾಗಿಲು ತೆರೆಯಿತು.

ಅಂಗಳದಲ್ಲಿ ಒಂದು ಹುಲಿ. ಉಸಿರು ಬಿಟ್ಟರೆ ಬೆಂಕಿ. "ಮುಂದೆ ಬಂದರೆ ಸುಟ್ಟೇನು!" ಅಂತ ಗರ್ಜಿಸಿತು. ದೇವೀರಿ ಹಿಂದೆ ಸರಿಯಲಿಲ್ಲ. "ಆ ಮಾಂತ್ರಿಕ ಏನು ತಿನ್ನಿಸುತ್ತಾನೆ ನಿನಗೆ?" ಅಂತ ಕೇಳಿದಳು. "ಹೊತ್ತಿಗೊಂದು ಮೂಟೆ ಒಣಮೆಣಸಿನಕಾಯಿ ಕಣವ್ವಾ" ಅನ್ನುವಾಗ ಹುಲಿಯ ಕಣ್ಣಲ್ಲಿ ನೀರು ಬಂತು. ಇನ್ನೊಂದು ಪಾಲು ಅದರ ಬಾಯಿಗೆ ಸುರಿದಳು. ಹುಲಿ ಹೊಟ್ಟೆ ತಣ್ಣಗಾಗಿ ಅವಳ ಪಾದದ ಹತ್ತಿರ ಉರುಳಾಡಿತು.

ನೆರಳು ಕಾಲಬುಡಕ್ಕೆ ಬರುತ್ತಿತ್ತು. ದೇವೀರಿ ಒಳಗೆ ಓಡಿದಳು.

ನೋಡುತ್ತಾಳೆ, ಉದ್ದಕ್ಕೆ ಪಂಕ್ತಿ! ನೂರು ದೆವ್ವಗಳು ಚಕ್ಕಳಮಕ್ಕಳ ಹಾಕಿಕೊಂಡು ಎಲೆಯ ಮುಂದೆ ಕೂತಿವೆ. ಪ್ರತಿ ಎಲೆಯಲ್ಲೂ ಕಲ್ಲಾಗಿಹೋದ ಒಂದು ಹಿಡಿ ಅನ್ನ. ಕೊನೆಯ ಎಲೆಗೆ ಕೆಂಚಣ್ಣ. ಅವನ ಮೊಣಕಾಲಿನ ಮೂಲಕವೇ ಆಚೆಗಿನ ಗೋಡೆ ಆಗಲೇ ಮಸುಕಾಗಿ ಕಾಣುತ್ತಿತ್ತು.

"ಏಳೋ ಅಣ್ಣಾ!"

"ಹಿರಿಯರು ಕೂತಿರುವಾಗ ಹೇಗೇ ಏಳಲಿ? ಜನ ಏನಂದಾರು?"

"ಜನ ಎಲ್ಲಿದ್ದಾರೋ? ಎಲ್ಲ ದೆವ್ವಗಳು!"

"ದೆವ್ವಗಳು ತಾನೇ ಏನಂದಾವು?"

ಪಂಕ್ತಿಯ ಮೊದಲಲ್ಲಿದ್ದ ಮುದಿ ದೆವ್ವ ಕೆಮ್ಮಿತು. ಅವನು ಮುದ್ದಯ್ಯಜ್ಜ, ಬದುಕಿದ್ದಾಗ ಕನ್ನ ಕೊರೆಯುವುದರಲ್ಲಿ ಎತ್ತಿದ ಕೈ. "ಮಗಳೇ, ನೂರು ವರ್ಷದ ಹಿಂದೆ ಆಗಿನ ರಾಜರಿಗೆ ಮಗ ಹುಟ್ಟಿದ ಸಂತೋಷಕ್ಕೆ ನಮಗೆ ಊಟ ಹಾಕಿಸಿದರು. ಉಂಡು ಎದ್ದರೆ ಬಿಡುಗಡೆ. ಪಲ್ಯ ಬಂತು, ಸಾರು ಬಂತು, ಹೋಳಿಗೆಯೂ ಬಂತು. ಮಜ್ಜಿಗೆ ಬರುವ ಹೊತ್ತಿಗೆ ಆ ಕೊಕ್ಕರೆ ಗಡಿಗೆ ಒಡೆದುಬಿಟ್ಟ. ಮಜ್ಜಿಗೆ ಅನ್ನ ಉಣ್ಣದೆ ಪಂಕ್ತಿಯಿಂದ ಏಳುವುದುಂಟೇ? ಕಾದೆವು, ಕಾದೆವು. ಯಾವಾಗ ದೆವ್ವವಾದೆವೋ ನಮಗೇ ತಿಳಿಯಲಿಲ್ಲ. ನಾವು ಕಳ್ಳರು ನಿಜ ಮಗಳೇ, ಅರ್ಧ ಊಟಕ್ಕೆ ಏಳುವಷ್ಟು ಕೆಟ್ಟವರಲ್ಲ."

ದೇವೀರಿ ಗಡಿಗೆಯಲ್ಲಿ ಇಣುಕಿದಳು. ಉಳಿದದ್ದು ನಾಲ್ಕು ಬಟ್ಟಲು. ಕೂತವರು ನೂರೊಂದು. ಕೆಲವರಿಗೆ ಬಡಿಸಿ ಕೆಲವರಿಗೆ ಬಿಟ್ಟರೆ ಪಂಕ್ತಿಭೇದ, ಒಬ್ಬರೂ ಏಳುವುದಿಲ್ಲ. ಅವಳು ಅಂಗಳಕ್ಕೆ ಓಡಿದಳು. ಅಲ್ಲೊಂದು ಬಾವಿ. ಊರವರು ಆಡಿಕೊಂಡದ್ದು ನೆನಪಾಗಿ ನಗು ಬಂತು. ಇದ್ದ ಮಜ್ಜಿಗೆಯನ್ನೆಲ್ಲ ಬಾವಿಗೆ ಸುರಿದಳು, ಮಡಿಲಲ್ಲಿದ್ದ ಉಪ್ಪು, ಶುಂಠಿ, ಕರಿಬೇವು ಹಾಕಿದಳು, ಒಂದು ಉದ್ದನೆಯ ಬಿದಿರನ್ನು ಇಳಿಬಿಟ್ಟು ಗರಗರ ಕಡೆದಳು.

ಅಷ್ಟರಲ್ಲಿ ಕೊಕ್ಕರೆಸಿದ್ಧ ಧಾವಿಸಿ ಬಂದ. "ಮತ್ತೆ ಮಜ್ಜಿಗೆಯೇ!" ಅಂತ ಕಿರುಚಿ ಬೆತ್ತ ಬೀಸಿ ಗಡಿಗೆಗೆ ಹೊಡೆದ. ಗಡಿಗೆ ನೂರು ಚೂರಾಯಿತು.

"ಖಾಲಿ ಗಡಿಗೆ ಒಡೆಯಲು ಇಷ್ಟು ದೂರ ಬಂದಿರಾ ಸ್ವಾಮಿ?" ಅಂದಳು ದೇವೀರಿ. "ಬಾವಿ ಒಡೆಯಿರಿ, ನೋಡೋಣ!"

ಅವನು ಮತ್ತೆ ಬೆತ್ತ ಎತ್ತಿದ. ಹುಲಿ ಬಂದು ಅವನ ನಿಲುವಂಗಿಯ ಮೇಲೆ ಸುಮ್ಮನೆ ಕೂತಿತು. ತಪ್ಪಿಸಿಕೊಳ್ಳೋಣ ಅಂದರೆ ಬಾಗಿಲಲ್ಲಿ ಮೊಸಳೆ ಚಿಲಕ ಕಚ್ಚಿಬಿಟ್ಟಿತ್ತು.

ದೇವೀರಿ ಬಿಂದಿಗೆ ಬಿಂದಿಗೆ ಸೇದಿ ಬಡಿಸಿದಳು. ಕಲ್ಲಾಗಿದ್ದ ಅನ್ನ ಮೆತ್ತಗಾಯಿತು. ಮುದ್ದಯ್ಯಜ್ಜ ಒಂದು ತುತ್ತು ಬಾಯಿಗಿಟ್ಟ. ಎಲ್ಲರೂ ಉಸಿರು ಬಿಗಿಹಿಡಿದರು, ದೆವ್ವಗಳಿಗೆ ಎಷ್ಟು ಉಸಿರಿತ್ತೋ ಅಷ್ಟನ್ನೂ.

"ನೀರೇ ಜಾಸ್ತಿ" ಅಂದ ಅಜ್ಜ. ಇನ್ನೊಂದು ತುತ್ತು ಉಂಡ. "ಆದರೆ ಮಜ್ಜಿಗೆ ಹೌದು. ನನ್ನ ಮದುವೆಯಲ್ಲೂ ಇಂಥದ್ದೇ ಬಡಿಸಿದ್ದರು!"

ಸರ್ರನೆ ಸುರಿದುಕೊಂಡು ಉಂಡು, ಡರ್ರನೆ ತೇಗಿ, ಅಜ್ಜ ಎದ್ದ. ಅವನ ಹಿಂದೆ ನೂರು ಜನ ಎದ್ದರು. ಸೂರ್ಯ ನೆತ್ತಿಗೆ ಬರುವುದಕ್ಕೂ ಕೆಂಚಣ್ಣ ಕೈ ಕೊಡವಿ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಅವನ ಮೊಣಕಾಲು ಮೊದಲಿನಂತೆ ಕಪ್ಪಗೆ, ಗಟ್ಟಿಯಾಗಿ ಕಂಡಿತು. "ಅನ್ನದಾತೆ, ಸುಖವಾಗಿರು" ಅಂತ ಹರಸಿ ದೆವ್ವಗಳು ಕೈ ತೊಳೆದು ಬೆಳ್ಳನೆಯ ಮೋಡಗಳಾಗಿ ತೇಲಿಹೋದವು. ಮಾಂತ್ರಿಕನ ಬೆತ್ತ ಬರಿಯ ಕಡ್ಡಿಯಾಯಿತು. ಕಪ್ಪೆ ಮಾಡಲು ಬಾರದ ಮಾಂತ್ರಿಕನಿಗೆ ಯಾರು ಹೆದರುತ್ತಾರೆ? ನೂರೊಂದು ಎಲೆ ಎತ್ತುವ ಕೆಲಸ ಅವನಿಗೇ ಬಂತು. ಹುಲಿ ಎಣಿಸಿಕೊಂಡು ಕೂತಿತ್ತು.

ರಾಜ ಸೆರೆಮನೆಯನ್ನು ಊಟದ ಛತ್ರ ಮಾಡಿದ. ದೇವೀರಿ ಅದರ ಯಜಮಾನಿಯಾದಳು, ಕೆಂಚಣ್ಣ ಊಟದ ಹೊತ್ತಿಗೆ ಕಹಳೆ ಊದಿದ, ಮೊಸಳೆ ಬಂದವರಿಗೆಲ್ಲ ನಗುತ್ತ ಬಾಗಿಲು ತೆರೆಯಿತು. ಆ ರಾಜ್ಯದಲ್ಲಿ ಅರ್ಧ ಹೊಟ್ಟೆಗೆ ಎದ್ದವರೇ ಇಲ್ಲ. ಆ ಬಾವಿಯಲ್ಲಿ ಇವತ್ತಿಗೂ ಮಜ್ಜಿಗೆಯೇ. ವಯಸ್ಸಾಗಿ ನನ್ನ ಮೀಸೆ ಬೆಳ್ಳಗಾಗಿದೆ ಅಂತ ನಿಮ್ಮ ಅತ್ತೆ ಹೇಳುತ್ತಾಳಲ್ಲ, ನಂಬಬೇಡಿ. ಅಲ್ಲಿ ಬಗ್ಗಿ ಕುಡಿದದ್ದು, ಇನ್ನೂ ಒರೆಸಿಕೊಂಡಿಲ್ಲ.